ತುರ್ತು ಎಂದು ಬರೆಯದ ಸಿರುಗುಪ್ಪ

ನನ್ನ ಕುರ್ಚಿಗೆ ಹೊಸದಾಗಿ ಬಂದು ಕೂತವರಿಗೆ ಇದನ್ನು ಬರೆಯುತ್ತಿದ್ದೇನೆ. ಆಸ್ಪತ್ರೆಯ ದೂರಿನ ತಂತ್ರಾಂಶದಲ್ಲಿ ಹೊರಹೋಗುವ ಮೇಲ್‌ಗಳ ಪುಟ ತೆರೆದರೆ ನಿಮಗೆ ಕಾಣುವುದು ಕೆಲವು ಖಾಲಿ ಮನೆಗಳು. ಮೇಲ್ ಸರ್ವರಿನ ಹೆಸರು, ಪೋರ್ಟ್, ಕಳಿಸುವವರ ವಿಳಾಸ, ಪಾಸ್‌ವರ್ಡ್, ಕೆಳಗೆ 'ಟೆಸ್ಟ್ ಮೇಲ್ ಕಳಿಸಿ' ಎಂಬ ಗುಂಡಿ. ಒಂದು ಲೋಟ ಚಹಾ ಆರುವುದರೊಳಗೆ ತುಂಬಿ ಮುಗಿಸಬಹುದು. ಗುಂಡಿ ಒತ್ತಿದರೆ ಮೇಲ್ ಹೋಗುತ್ತದೆ. ಹೋದ ಮೇಲ್ ಓದಿದ ಮನುಷ್ಯ ಎದ್ದು ಚಪ್ಪಲಿ ಮೆಟ್ಟಿ ಹೊರಡುತ್ತಾನೋ ಇಲ್ಲವೋ ಎನ್ನುವುದಕ್ಕೆ ಮಾತ್ರ ಆ ಪುಟದಲ್ಲಿ ಮನೆಯಿಲ್ಲ. ನನ್ನ ನೌಕರಿಯ ಕೊನೆಯ ವರ್ಷಗಳೆಲ್ಲ ಹೋದದ್ದು ಅದರ ಹಿಂದೆಯೇ.

ನಾನು ಬಾದನಹಟ್ಟಿಯ ಕೂಲಿಯವರ ಮಗಳು, ಗಂಗಮ್ಮ. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನೇ. ಹೀಗೆ ಹೇಳುವಾಗ ಈಗಲೂ ಬೆನ್ನು ನೆಟ್ಟಗಾಗುತ್ತದೆ, ಆಗಲಿ ಬಿಡಿ. ರಜೆಯಲ್ಲಿ ಮೆಣಸಿನಕಾಯಿ ಬಿಡಿಸಲು ಹೋಗಿ ಉರಿಯುವ ಕೈಯಲ್ಲೇ ಓದಿದೆ. ಮದುವೆಯಾದ ಮೇಲೆ, ಆಸ್ಪತ್ರೆಯಲ್ಲಿ ಫೋನ್ ಎತ್ತುವ ಕೆಲಸ ಮಾಡುತ್ತ, ಅಂಚೆ ಮೂಲಕ ಬಿ.ಕಾಂ. ಕಟ್ಟಿದೆ. ಪದವಿ ಪತ್ರಕ್ಕೆ ಗಾಜು ಹಾಕಿಸಲು ಕೌಲ್ ಬಜಾರಿನ ಅಂಗಡಿಗೆ ಹೋದಾಗ ಅಂಗಡಿಯವನು, "ಇಷ್ಟ್ ದೊಡ್ಡ ಫ್ರೇಮು ದೇವರ ಫೋಟೋಕ್ಕ ಹಾಕ್ತಾರಲ್ರಿ ಅಕ್ಕಾ" ಎಂದ. "ಅದಕ್ಕಿಂತ ಒಂದಿಂಚು ದೊಡ್ಡದಿದ್ರ ಕೊಡಪ್ಪ" ಎಂದೆ. ಅದು ಇವತ್ತಿಗೂ ನಮ್ಮ ಮನೆಯ ನಡುಗೋಡೆಯ ಮೇಲಿದೆ.

ನಮ್ಮದು ಒಂದು ಟ್ರಸ್ಟಿನ ಆಸ್ಪತ್ರೆ. ಬಳ್ಳಾರಿಯಲ್ಲಿ ದೊಡ್ಡದು, ಸಿರುಗುಪ್ಪ ಮತ್ತು ಕುರುಗೋಡಿನಲ್ಲಿ ಒಂದೊಂದು ಸಣ್ಣ ಕೇಂದ್ರ. ಸಿರುಗುಪ್ಪದಲ್ಲಿ ಡಯಾಲಿಸಿಸ್ ಯಂತ್ರಗಳಿದ್ದವು. ಕಿಡ್ನಿ ಕೈಕೊಟ್ಟವರು ವಾರದಲ್ಲಿ ಎರಡು ಮೂರು ಸಲ ಬಂದು, ತಾಸುಗಟ್ಟಲೆ ಮಲಗಿ, ರಕ್ತ ಶುದ್ಧ ಮಾಡಿಸಿಕೊಂಡು ಹೋಗಬೇಕು. ಆ ಯಂತ್ರಗಳಿಗೆ ನೀರು ಸೋಸಿ ಕೊಡುವ ಘಟಕವೊಂದು ಹಿಂದಿನ ಕೋಣೆಯಲ್ಲಿತ್ತು, ಅದು ಮಾತ್ರ ಮೇಲಿಂದ ಮೇಲೆ ಕೆಡುತ್ತಿತ್ತು. ಕೆಟ್ಟ ದಿನ ರೋಗಿಗಳನ್ನು ವಾಪಸ್ ಕಳಿಸುವುದು. ಆಡಳಿತ ಸಮಿತಿಗೆ ಬೇಸರ ಬಂದು ಒಂದು ಮಾತು ಹೇಳಿತು: ಒಂದು ವರ್ಷ ನೋಡುತ್ತೇವೆ, ಸುಧಾರಿಸದಿದ್ದರೆ ಸಿರುಗುಪ್ಪದ ಕೇಂದ್ರ ಮುಚ್ಚಿ ಯಂತ್ರಗಳನ್ನು ಬಳ್ಳಾರಿಗೆ ತರುತ್ತೇವೆ.

ಯಂತ್ರ ಬಂದರೆ ಅದರ ಹಿಂದೆ ರೋಗಿಗಳೂ ಬರಬೇಕಲ್ಲ. ಅವರಲ್ಲಿ ಹಂಪಮ್ಮ ಎಂಬ ಅಜ್ಜಿಯೊಬ್ಬಳಿದ್ದಳು. ಹೊಳೆದಂಡೆಯ ಹಳ್ಳಿಯಿಂದ ಸಿರುಗುಪ್ಪಕ್ಕೆ ಬರಲಿಕ್ಕೇ ಎರಡು ಗಾಡಿ ಬದಲಿಸುವವಳು. ಮುಚ್ಚುವ ಸುದ್ದಿ ಕೇಳಿ ನನಗೇ ಫೋನ್ ಮಾಡಿಸಿದಳು.

"ಯವ್ವಾ, ಬಳ್ಳಾರಿಗೆ ಬರಾಕ ಅರ್ಧ ಜೀವ, ತಿರುಗಿ ಹೋಗಾಕ ಅರ್ಧ ಜೀವ. ಅಲ್ಲಿ ಮಲಗಾಕ ಯಾವ ಜೀವ ತರ್ಲಿ ನಾನು?"

ಆ ವರ್ಷವೇ ದೂರುಗಳಿಗೆಂದು ಹೊಸ ತಂತ್ರಾಂಶ ತಂದರು. ಬಲ್ಬು ಹೋದರೂ ವೆಂಟಿಲೇಟರ್ ನಿಂತರೂ ದೂರು ಅದರಲ್ಲೇ ಬರೆಯಬೇಕು. ಅದು ಸರಿಯಾದ ಮನುಷ್ಯನಿಗೆ ಮೇಲ್ ಕಳಿಸುತ್ತದೆ, ಅವನು ಬಂದು ದುರಸ್ತಿ ಮಾಡುತ್ತಾನೆ ಎಂದು ಲೆಕ್ಕ. ಮಾರಿದ ಕಂಪನಿಯವರು ಬಂದರು, ಕೂಡಿಸಿದರು, ಫೋಟೋ ತೆಗೆಸಿಕೊಂಡು ಹೋದರು. ಮೇಲ್ ಕಳಿಸುವ ಭಾಗವನ್ನು ಹಾಗೇ ಬಿಟ್ಟಿದ್ದರು.

ನನ್ನ ಮೇಲಧಿಕಾರಿ ಖಾದರ್ ಸಾಹೇಬರು. ಮೂರೂ ಕಡೆಯ ಯಂತ್ರಗಳ ನಿರ್ವಹಣೆ ಅವರದು. ಬಿಳಿ ಅಂಗಿ, ಜೇಬಿನಲ್ಲಿ ಟೆಸ್ಟರ್, ಸಿಟ್ಟು ಬಂದಷ್ಟೂ ದನಿ ಇಳಿಯುವ ಮನುಷ್ಯ. ನನ್ನನ್ನು ಕರೆದು, "ಗಂಗಮ್ಮಾ, ಇಷ್ಟು ವರ್ಷ ಫೋನ್‌ನಾಗ ಎಲ್ಲಾರ ದೂರು ನೀವೇ ಕೇಳೀರಿ. ಯಾರಿಗೆ ಹೆಂಗ ಹೇಳಿದ್ರ ಏಳ್ತಾರ ಅಂತ ನಿಮಗ ಗೊತ್ತೈತಿ. ಮೇಲ್ ಕೆಲಸ ನೀವೇ ನೋಡ್ರಿ" ಎಂದರು.

"ಸಾಹೇಬ್ರೇ, ನಾನು ಬಿ.ಕಾಂ. ಓದಿದಾಕಿ. ಇದು ಇಂಜಿನಿಯರ್ ಕೆಲಸ ಅಲ್ಲೇನ್ರಿ?"

"ಅವ್ರು ಮಾಡಿದ್ದು ನೋಡಿದ್ವಲ್ಲ" ಎಂದು ಟೆಸ್ಟರ್ ಎತ್ತಿಕೊಂಡು ಹೊರಟರು.

ಮೊದಲ ಪಾಠ ಮೊದಲ ದಿನವೇ ಆಯಿತು. ಟೆಸ್ಟ್ ಮೇಲ್ ಕಳಿಸಿದೆ, 'ಯಶಸ್ವಿ' ಎಂದು ಹಸಿರು ಅಕ್ಷರ ಬಂತು. ಸಿರುಗುಪ್ಪಕ್ಕೆ ಕೇಳಿದರೆ ಏನೂ ಬಂದಿಲ್ಲ, ಕುರುಗೋಡಿಗೂ ಇಲ್ಲ. ಎಲ್ಲ ಹೋಗಿ ಸ್ಪ್ಯಾಮ್ ಬುಟ್ಟಿಯಲ್ಲಿ, ಲಾಟರಿ ಹೊಡೆದಿದೆ ಎನ್ನುವ ಪತ್ರಗಳ ಪಕ್ಕದಲ್ಲಿ ಬಿದ್ದಿದ್ದವು. ಈ ಸರ್ವರ್ ನಮ್ಮ ಆಸ್ಪತ್ರೆಯ ಹೆಸರಿನಲ್ಲಿ ಪತ್ರ ಕಳಿಸಬಹುದು ಎಂದು ನಮ್ಮ ಡೊಮೇನಿನ, ಅಂದರೆ ಮೇಲ್ ವಿಳಾಸದಲ್ಲಿ @ ಆದ ಮೇಲೆ ಬರುವ ಹೆಸರಿನ, ದಾಖಲೆಯಲ್ಲಿ ಬರೆಸಬೇಕಿತ್ತು, ಅದನ್ನು ಯಾರೂ ಬರೆಸಿರಲಿಲ್ಲ. ಗುರುತಿಲ್ಲದವನು ಬಾಗಿಲಿಗೆ ಬಂದರೆ ಯಾರು ಒಳಗೆ ಬಿಡುತ್ತಾರೆ? ಅದನ್ನು ಬರೆಸಿದ ಮೇಲೆ ಮೇಲ್‌ಗಳು ಮುಂಬಾಗಿಲಿನಿಂದ ಹೋಗತೊಡಗಿದವು. ಹಸಿರು ಅಕ್ಷರವನ್ನು ನಂಬಬೇಡಿ. ತಲುಪಿದವನ ಬಾಯಿಂದ ತಲುಪಿತು ಎಂದು ಕೇಳಿದ ಮೇಲೆ ನಂಬಿ.

ಆಮೇಲೆ ಬಂದದ್ದು ಮೇಲ್‌ಗಳ ಸಂತೆ. ಕಂಪನಿಯವರು ಎಲ್ಲ ಸೂಚನೆಗಳನ್ನೂ ತೆರೆದಿಟ್ಟು ಹೋಗಿದ್ದರು. ದೂರು ಬಂದರೆ ಒಂದು, ಯಾರಿಗೋ ವಹಿಸಿದರೆ ಒಂದು, ಅವನು ನೋಡಿದರೆ ಒಂದು, ಒಂದಕ್ಷರ ತಿದ್ದಿದರೆ ಮತ್ತೊಂದು. ಇಂಜಿನಿಯರುಗಳು ಬೇಸತ್ತು, ನಮ್ಮ ಮೇಲ್ ಬಂದರೆ ಓದದೆಯೇ ಬೇರೆ ಡಬ್ಬಿಗೆ ಬೀಳುವಂತೆ ಮಾಡಿಕೊಂಡರು. ಖಾದರ್ ಸಾಹೇಬರು ನನ್ನ ಪಕ್ಕದ ಸ್ಟೂಲಿನ ಮೇಲೆ ಕೂತು, ಒಂದೊಂದೇ ಮೇಲ್ ಮಾದರಿ ಓದಿಸಿದರು. ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ.

"ಇದನ್ನ ಓದಿದೆ. ಈಗ ಎದ್ದು ನಾನೇನ್ ಮಾಡ್ಬೇಕು?"

"ಏನಿಲ್ರಿ, ಸುಮ್ನ ತಿಳ್ಕೊಳ್ಳಾಕ."

"ತೆಗೀರಿ."

ಹೀಗೆ ತೆಗೆಯುತ್ತ ಹೋಗಿ ಉಳಿದದ್ದು ಬೆರಳೆಣಿಕೆಯಷ್ಟು. ಉಳಿದವುಗಳಲ್ಲೂ ಮೊದಲ ಸಾಲಿನಲ್ಲೇ ಊರು, ಯಂತ್ರ, ಏನಾಗಿದೆ, ಯಾರಿಗೆ ಫೋನ್ ಮಾಡಬೇಕು ಎಂಬುದು ಬರಬೇಕೆಂದರು. ಮೇಲ್ ಮಾದರಿಯನ್ನು ಕಾಗದಕ್ಕೆ ಇಳಿಸಿ, ಪಾರ್ಕಿಂಗ್ ಬಿಸಿಲಿನಲ್ಲಿ ನಿಂತು, ಫೋನಿನ ಪರದೆಯಷ್ಟು ಜಾಗ ಬಿಟ್ಟು ಉಳಿದದ್ದನ್ನು ಕೈಯಿಂದ ಮರೆಮಾಡಿ ಓದಿ ನೋಡಿದ ಮತ್ತೊಬ್ಬ ಅಧಿಕಾರಿಯನ್ನು ನಾನು ಕಂಡಿಲ್ಲ. "ಇಂಜಿನಿಯರ್ ಬೈಕ್ ಮ್ಯಾಲೆ ಇರ್ತಾನ್ರಿ, ಎಸಿ ಕೆಳಗಲ್ಲ" ಎನ್ನುತ್ತಿದ್ದರು.

ಕುರುಗೋಡಿನ ಕತೆ ಹೇಳಲೇಬೇಕು. ಅಲ್ಲಿ ಉಗ್ರಾಣ ನೋಡುತ್ತಿದ್ದವರು ದೊಡ್ಡಬಸಪ್ಪ. ಬಂದ ಪತ್ರಕ್ಕೆ ಉತ್ತರ ಕೊಡದಿದ್ದರೆ ಊಟಕ್ಕೆ ಕರೆದವರಿಗೆ ಬೆನ್ನು ತೋರಿಸಿದಂತೆ ಎಂದು ನಂಬಿದ ಹಳೆಯ ಕಾಲದವರು. ಮಗಳ ನಿಶ್ಚಿತಾರ್ಥಕ್ಕೆ ರಜೆ ಹೋಗುವಾಗ, ತಾವಿಲ್ಲದಾಗಲೂ ಯಾರಿಗೂ ಅಗೌರವ ಆಗಬಾರದೆಂದು ಮೇಲ್‌ಗೆ ತಾನೇ ಉತ್ತರ ಹೋಗುವಂತೆ ಮಾಡಿಟ್ಟರು: 'ತಮ್ಮ ಪತ್ರ ತಲುಪಿದೆ. ಧನ್ಯವಾದಗಳು. ತಮ್ಮ ವಿಶ್ವಾಸಿ.' ನಮ್ಮ ತಂತ್ರಾಂಶ ತನ್ನದೊಂದು ಮೇಲ್‌ಗೆ ಬಂದ ಆ ಉತ್ತರವನ್ನು ಹೊಸ ದೂರು ಎಂದು ದಾಖಲಿಸಿ, 'ನಿಮ್ಮ ದೂರು ತಲುಪಿದೆ' ಎಂದಿತು. ಅದಕ್ಕೆ ದೊಡ್ಡಬಸಪ್ಪನವರ ಮೇಲ್ ಪೆಟ್ಟಿಗೆ, 'ತಮ್ಮ ಪತ್ರ ತಲುಪಿದೆ, ಧನ್ಯವಾದಗಳು' ಎಂದಿತು. ಮತ್ತೆ ದೂರು, ಮತ್ತೆ ಧನ್ಯವಾದ. ಇಬ್ಬರು ಮರ್ಯಾದಸ್ಥರು ಬಾಗಿಲಲ್ಲಿ ನಿಂತು 'ನೀವು ಮೊದಲು ನಡೀರಿ' ಎಂದ ಹಾಗಾಯಿತು. ಇದೇನೋ ಜಾಹೀರಾತಿನ ಕಾಟ ಎಂದು ಮೇಲ್ ಕಂಪನಿಯವರು ನಮ್ಮ ಕಳಿಸುವ ಬಾಗಿಲನ್ನೇ ಮುಚ್ಚಿದರು.

ನಿಶ್ಚಿತಾರ್ಥದ ಮನೆಗೆ ಫೋನ್ ಮಾಡಿದೆ. ಹಿಂದೆ ಓಲಗದ ಸದ್ದು.

"ಅಣ್ಣಾರ, ನಿಮ್ಮ ಉತ್ತರ ನಿಲ್ಲಿಸ್ರಿ, ಮೂರೂ ಊರಿನ ಮೇಲ್ ನಿಂತಾವ!"

"ಯಾಕ್ರಿ ತಂಗೀ? ನಾನೇನು ಕೆಟ್ಟ ಮಾತು ಬರದೀನೇನು?"

"ಒಳ್ಳೇ ಮಾತೇ ಬರದೀರಿ. ಅದೇ ಹೆಚ್ಚಾಗೈತಿ."

ಖಾದರ್ ಸಾಹೇಬರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ, "ಅವ್ರಿಗೆ ಏನೂ ಅನ್ನಬ್ಯಾಡ್ರಿ. ತಪ್ಪು ನಮ್ಮ ಯಂತ್ರದ್ದು, ಅದಕ್ಕ ಮನುಷ್ಯ ಯಾರು, ಯಂತ್ರ ಯಾರು ಅಂತ ಗೊತ್ತಾಗ್ವಲ್ದು" ಎಂದರು. ತಾನಾಗಿ ಹೊರಟ ಮೇಲ್‌ಗಳಿಗೊಂದು ಗುರುತು ಇರುತ್ತದೆ. ಆ ಗುರುತು ಇದ್ದ ಮೇಲ್‌ಗೆ ನಮ್ಮ ಕಡೆಯಿಂದ ಉತ್ತರ ಹೋಗದಂತೆ ನಿಯಮ ಕಟ್ಟಿದೆ. ಹಾಗೆಯೇ, ಅಲ್ಲಿಯವರೆಗೆ ನಮ್ಮ ಮೇಲ್‌ಗಳು 'ಉತ್ತರಿಸಬೇಡಿ' ಎನ್ನುವ ವಿಳಾಸದಿಂದ ಹೋಗುತ್ತಿದ್ದವು, ಆದರೂ ಅಲ್ಲಿಗೆ ಬಂದದ್ದನ್ನೆಲ್ಲ ತಂತ್ರಾಂಶ ದೂರೆಂದೇ ದಾಖಲಿಸುತ್ತಿತ್ತು. ಅದನ್ನೂ ಸಾಹೇಬರು ತೆಗೆಸಿದರು. ನಮ್ಮ ಕಡೆ ಹೆಸರಿಲ್ಲದವನ ಮಾತಿಗೆ ಯಾರು ಏಳುತ್ತಾರೆ? ಆವತ್ತು ಪಾಳಿಯಲ್ಲಿದ್ದವರ ಹೆಸರು ಕೆಳಗೆ ಬರುವಂತೆ, ಉತ್ತರ ಬರೆದರೆ ಅದೇ ದೂರಿಗೆ ಸೇರುವಂತೆ ಮಾಡಿದೆ.

ಇಷ್ಟೆಲ್ಲ ಸರಿಯಾದರೂ ಸಿರುಗುಪ್ಪ ಸರಿಹೋಗಲಿಲ್ಲ. ವರ್ಷದ ಅರ್ಧ ಕಳೆದಿತ್ತು. ಒಂದು ಸೋಮವಾರ ನೀರಿನ ಘಟಕ ನಿಂತಿದೆ, ದೂರು ಬರೆದಿದ್ದಾರೆ, ಇಂಜಿನಿಯರ್ ಹೋದದ್ದು ಮಂಗಳವಾರ. ಸೋಮವಾರದ ರೋಗಿಗಳೆಲ್ಲ ವಾಪಸ್. ಹಂಪಮ್ಮನನ್ನು ಮೊಮ್ಮಗಳು ಬಸ್ಸಿನಲ್ಲಿ ಮಲಗಿಸಿಕೊಂಡು ಬಳ್ಳಾರಿಗೆ ತಂದಳು. ಊದಿದ ಪಾದ, ಮಾತಾಡಲೂ ಉಸಿರಿಲ್ಲ. ಸಮಿತಿಯ ಹಿರಿಯರೊಬ್ಬರು, "ಇನ್ನೇನು ನೋಡುವುದಿದೆ ಖಾದರ್?" ಎಂದರು. ಸಾಹೇಬರ ದನಿ ಪೂರಾ ಇಳಿಯಿತು. "ವರ್ಷ ಮುಗಿದಿಲ್ಲ ಸಾರ್" ಎಂದಷ್ಟೇ ಹೇಳಿದರು.

ನಾನು ಪರದೆ ತೆಗೆದು ನೋಡಿದೆ. ಮೇಲ್ ಹೋಗಿದೆ, ತಲುಪಿದೆ. ಆದರೆ ದೂರಿನ ಎದುರು 'ಎಷ್ಟು ತುರ್ತು?' ಎಂಬ ಪ್ರಶ್ನೆಗೆ 'ಸಾಮಾನ್ಯ' ಎಂದು ಆರಿಸಿದ್ದರು. ಸಾಮಾನ್ಯ ಎಂದಿದ್ದರೆ ಮಾರನೆಯ ಬೆಳಿಗ್ಗೆ ಉಳಿದವುಗಳ ಜೊತೆ ಒಟ್ಟಿಗೆ ಹೋಗಲಿ ಎಂದು ನಿಯಮ. ಹಿಂದಿನ ದೂರುಗಳನ್ನು ತೆಗೆದೆ. ಸಿರುಗುಪ್ಪದಿಂದ ಬಂದದ್ದೆಲ್ಲ ಸಾಮಾನ್ಯ. ಜನರೇಟರಿನಿಂದ ಹೊಗೆ ಬಂದಾಗಲೂ ಸಾಮಾನ್ಯ.

ಆ ವಾರದ ಕೊನೆಗೆ ಸಾಹೇಬರೂ ನಾನೂ ಸಿರುಗುಪ್ಪಕ್ಕೆ ಹೋದೆವು. ಅಲ್ಲಿಯ ತಂತ್ರಜ್ಞ ಎರ್ರಿಸ್ವಾಮಿ. ಕೆಲಸದಲ್ಲಿ ಚುರುಕು, ರೋಗಿಗಳಿಗೆ ಮನೆಯ ಹುಡುಗನಂತೆ. ಸಾಹೇಬರನ್ನು ಕಂಡು ಎದ್ದವನು ಕೂರಲೇ ಇಲ್ಲ.

"ಎರ್ರಿಸ್ವಾಮಿ, ಕೂಡ್ರಪ್ಪ. ನೀರಿನ ಘಟಕ ನಿಂತ್ರ ಸಾಮಾನ್ಯ ಏನು ಅದು?" ಸಾಹೇಬರು ಮೆಲ್ಲಗೆ ಕೇಳಿದರು.

"ಅಲ್ರಿ ಸಾರ್."

"ಮತ್ಯಾಕ ಹಂಗ ಬರದಿ?"

ಅವನು ನನ್ನ ಕಡೆ ನೋಡಿದ. "ಅಕ್ಕಾ, ನಾನು ಸಣ್ಣಾವ. ಅಲ್ಲಿ ಇಂಜಿನಿಯರ್ರು, ಡಾಕ್ಟರ್ರು ಎಲ್ಲಾ ಓದ್ತಾರ. ತುರ್ತು ಅಂತ ಬರದ್ರ 'ಏಳ್ರಿ, ಓಡಿ ಬರ್ರಿ' ಅಂತ ದೊಡ್ಡೋರಿಗೆ ಹುಕುಂ ಮಾಡಿದಂಗ ಆಗ್ತೈತಲ್ರಿ. ವಿಷಯ ಬರದೀನಿ. ಓದಿದ್ರ ಅವ್ರಿಗೇ ಗೊತ್ತಾಗ್ತೈತಿ ಅಂದ್ಕೊಂಡೆ."

ಬಳ್ಳಾರಿಯಲ್ಲಿ ಚೇತರಿಸಿಕೊಂಡು ಮತ್ತೆ ಇಲ್ಲಿಯ ಮಂಚಕ್ಕೇ ಬಂದಿದ್ದ ಹಂಪಮ್ಮ ಅಲ್ಲಿಂದಲೇ ಕೂಗಿದಳು. "ಲೇ ಎರ್ರಿ, ನಿನ್ನ ಮರ್ಯಾದಿಗೆ ನಾನು ಬಳ್ಳಾರಿ ಬಸ್ಸಿನಾಗ ಸತ್ತು ಹುಟ್ಟಿ ಬಂದೀನಿ! ಇನ್ನೊಂದ್ಸಲ ಆದ್ರ ನನ್ನ ಹೆಸರ್ಲೆ ಬರಿ. ಮುದುಕಿ ಕರಿಯಾಕ್ಹತ್ಯಾಳ, ಬರ್ರಲೇ ಅಂತ ಬರಿ!"

ಎಲ್ಲರೂ ನಕ್ಕರು, ಎರ್ರಿಸ್ವಾಮಿ ಮಾತ್ರ ನಗಲಿಲ್ಲ. ನನಗೆ ಒಳಗೇ ತಟ್ಟಿತು. ನಾನೂ ಅದೇ ಮಣ್ಣಿನವಳು. ನಮ್ಮಪ್ಪ ಧಣಿಯ ಮನೆಗೆ ಹೋದರೆ ಬಂದ ಕೆಲಸ ಹೇಳದೆ ಅಂಗಳದಲ್ಲೇ ನಿಲ್ಲುತ್ತಿದ್ದ. ಅವರಾಗಿ ನೋಡಿ ಕೇಳಿದರೆ ಆಯಿತು, ಇಲ್ಲದಿದ್ದರೆ ಹಾಗೇ ಬರುತ್ತಿದ್ದ.

ಬೇರೆ ಅಧಿಕಾರಿಯಾಗಿದ್ದರೆ 'ಇನ್ನು ಮುಂದೆ ತುರ್ತು ಎಂದೇ ಬರೆಯತಕ್ಕದ್ದು' ಎಂದು ಸುತ್ತೋಲೆ ಹೊರಡಿಸುತ್ತಿದ್ದರು. ಖಾದರ್ ಸಾಹೇಬರು ವಾಪಸ್ ಬರುವಾಗ ಜೀಪಿನಲ್ಲಿ ಭತ್ತದ ಗದ್ದೆಗಳ ಕಡೆ ನೋಡುತ್ತ ಹೇಳಿದರು. "ಗಂಗಮ್ಮಾ, ಆ ಪ್ರಶ್ನೇನ ತೆಗೀರಿ. ನಾವು ಅವನಿಗೆ ತಪ್ಪು ಪ್ರಶ್ನೆ ಕೇಳೀವಿ. ಎಷ್ಟು ತುರ್ತು ಅಂತ ಕೇಳಿದ್ರ, ನೀನು ಎಷ್ಟು ದೊಡ್ಡಾವ ಅಂತ ಕೇಳಿದಂಗ. ಕಣ್ಣಿಗೆ ಕಂಡದ್ದು ಕೇಳ್ರಿ. ಕಂಡದ್ದು ಹೇಳಾಕ ಅವ್ನು ಹೆದ್ರೋ ಪೈಕಿ ಅಲ್ಲ."

ಹಾಗೆ ಎರಡು ಪ್ರಶ್ನೆ ಹುಟ್ಟಿದವು. 'ಅದು ಕೆಲಸ ಮಾಡುತ್ತಿದೆಯೇ?' 'ಅದನ್ನು ನೆಚ್ಚಿಕೊಂಡು ಈಗ ರೋಗಿ ಇದ್ದಾರೆಯೇ?' ಎರಡಕ್ಕೂ ಹೌದು, ಇಲ್ಲ, ಅಷ್ಟೇ. ಕೆಲಸ ಮಾಡುತ್ತಿಲ್ಲ, ರೋಗಿ ಇದ್ದಾರೆ ಎಂದರೆ ತುರ್ತು ಎಂದು ತಂತ್ರಾಂಶವೇ ತೀರ್ಮಾನಿಸಿ ಆ ಕ್ಷಣದಲ್ಲೇ ಇಂಜಿನಿಯರಿಗೆ ಮೇಲ್ ಕಳಿಸುವಂತೆ, ಅವನು 'ಹೊರಟೆ' ಎನ್ನದಿದ್ದರೆ ಸ್ವಲ್ಪ ಹೊತ್ತಿನಲ್ಲೇ ಸಾಹೇಬರಿಗೆ ಹೋಗುವಂತೆ ನಿಯಮ ಕಟ್ಟಿದೆ. ಸಾಹೇಬರ ಫೋನಿನಲ್ಲಿ ಆ ಮೇಲ್‌ಗೆ ಬೇರೆಯೇ ಗಂಟೆ ಇಟ್ಟುಕೊಟ್ಟೆ. ಅವರಿಗೂ ಮೇಲೆ ಯಾರಿಗೆ ಎಂದು ಕೇಳಿದಾಗ, "ನನಗ ಬಂದ್ರ ಮುಗೀತು, ಮ್ಯಾಲೆ ಹೋಗಾಕ ಬಿಡಂಗಿಲ್ಲ" ಎಂದರು. ಬಿಡಲೂ ಇಲ್ಲ. ತಮ್ಮ ಕೆಳಗಿನವರ ಹೆಸರನ್ನು ಬಯ್ಗುಳಕ್ಕೆ ಕಳಿಸದ ಅಧಿಕಾರಿ ಸಿಕ್ಕರೆ ನೌಕರಿಯಲ್ಲಿ ಅದಕ್ಕಿಂತ ಭಾಗ್ಯ ಬೇರೆ ಬೇಡ.

ಅದರ ಪರೀಕ್ಷೆ ಬೇಸಿಗೆಯ ಒಂದು ಮಧ್ಯಾಹ್ನ ಬಂತು. ಘಟಕದ ಮೋಟರ್ ಸುಟ್ಟಿತು, ಮಂಚಗಳೆಲ್ಲ ತುಂಬಿದ್ದವು. ಎರ್ರಿಸ್ವಾಮಿ ಎರಡು ಪ್ರಶ್ನೆಗೆ ಉತ್ತರ ಒತ್ತಿ, ರೋಗಿಗಳ ರಕ್ತ ಮೈಗೆ ತಿರುಗಿಸಿ ಯಂತ್ರಗಳನ್ನು ಬಿಡಿಸುವುದರಲ್ಲಿದ್ದ. ಇಂಜಿನಿಯರ್ ಆಗ ಕುರುಗೋಡಿನಲ್ಲಿದ್ದ. ಮೇಲ್‌ನ ಮೊದಲ ಸಾಲು ಓದಿ, ಅಲ್ಲಿಯ ಉಗ್ರಾಣದಲ್ಲಿ ಒಂದು ಮೋಟರ್ ಇದ್ದದ್ದನ್ನು ಎತ್ತಿಸಿಕೊಂಡು ಹೊರಟ. ದೊಡ್ಡಬಸಪ್ಪನವರು ತಾವೇ ಹಗ್ಗ ಕಟ್ಟಿ ಬೈಕಿಗೆ ಏರಿಸಿ, ನನಗೆ ಮೇಲ್ ಬರೆದರು: 'ಮೋಟರ್ ಕಳಿಸಿದೆ. ಇದಕ್ಕೆ ಉತ್ತರ ಬೇಡ.' ನಡುವೆಯೇ ನಿಲ್ಲಿಸಿದವರಿಗೂ ಸಂಜೆಯ ಪಾಳಿಯವರಿಗೂ ಅವತ್ತೇ ಡಯಾಲಿಸಿಸ್ ಮುಗಿಯಿತು. ಯಾರನ್ನೂ ವಾಪಸ್ ಕಳಿಸಲಿಲ್ಲ.

ವರ್ಷ ತುಂಬಿತು, ಸಮಿತಿ ಕೂತಿತು. ಕೇಂದ್ರ ಉಳಿಯಿತು ಎಂದೇ ನಾನು ಖುಷಿಯಲ್ಲಿ ಹೋದೆ. ಆದರೆ ಹಿರಿಯರು ನಮ್ಮ ತಂತ್ರಾಂಶದಿಂದಲೇ ತೆಗೆದ ವರದಿ ಮುಂದಿಟ್ಟುಕೊಂಡಿದ್ದರು. "ಸಿರುಗುಪ್ಪದ ತುರ್ತು ದೂರುಗಳು ವರ್ಷದ ಮೊದಲರ್ಧದಲ್ಲಿ ಒಂದೂ ಇಲ್ಲ. ಆಮೇಲೆ ಸಾಲುಸಾಲು. ಪರಿಸ್ಥಿತಿ ಹಾಳಾಗಿದೆ, ಖಾದರ್. ಮುಚ್ಚುವುದೇ ಸರಿ" ಎಂದರು.

ನಾನೇ ಕಟ್ಟಿದ ಪ್ರಶ್ನೆಗಳು ಹಂಪಮ್ಮನ ಮಂಚವನ್ನು ಎತ್ತಿಸುತ್ತಿದ್ದವು.

ಖಾದರ್ ಸಾಹೇಬರು ಎದ್ದು ನಿಂತರು. ದನಿ ಎಷ್ಟು ಇಳಿದಿತ್ತೆಂದರೆ ಎಲ್ಲರೂ ಮುಂದೆ ಬಾಗಿ ಕೇಳಬೇಕಾಯಿತು. "ಸಾರ್, ಮೊದಲರ್ಧದಾಗೂ ಕೆಟ್ಟಿತ್ತು. ಹೇಳಾಕ ಹೆದ್ರಿದ್ರು, ಅಷ್ಟ. ದೂರು ಎಷ್ಟು ಬಂತು ಅಂತ ಎಣಿಸಿದ್ರ ಸುಮ್ನಿದ್ದ ಊರೇ ಶಾಣ್ಯಾ ಊರು ಅನಸ್ತೈತಿ. ರೋಗಿ ಎಷ್ಟು ಮಂದಿ ವಾಪಸ್ ಹೋದ್ರು ಅದನ್ನ ಎಣಿಸ್ರಿ. ಮೊದಲರ್ಧದಾಗ ಹೋದೋರ ಹೆಸರು ನಾನು ಒಬ್ಬೊಬ್ಬರದೂ ಹೇಳ್ತೀನಿ. ಪ್ರಶ್ನೆ ಬದಲಾದ ಮ್ಯಾಲೆ ಹೋದೋರದು ಒಂದು ಹೆಸರು ನೀವು ಹೇಳ್ರಿ, ನಾಳೆನೇ ಮುಚ್ಚೋಣ."

ಹೇಳಲಿಕ್ಕೆ ಹೆಸರು ಇರಲಿಲ್ಲ. ಹಿರಿಯರು ವರದಿ ಮಡಚಿ, "ಕೇಂದ್ರ ಅಲ್ಲೇ ಇರಲಿ" ಎಂದರು. ಒಬ್ಬ ಸದಸ್ಯರು ಹೊಸ ಘಟಕದ ಮಾತನ್ನೂ ಎತ್ತಿದರು. ಹೊರಗೆ ಬಂದು ನಾನು ಮೊದಲು ಮಾಡಿದ್ದು ಎರ್ರಿಸ್ವಾಮಿಗೆ ಫೋನ್. ಅವನು ಫೋನ್ ಕೈಯಲ್ಲೇ ಹಿಡಿದು ಒಳಗೆ ಹೋಗಿ ಎಲ್ಲರಿಗೂ ಹೇಳಿದ್ದು ಕೇಳಿಸಿತು, ಯಾರೋ ಚಪ್ಪಾಳೆ ಹೊಡೆದರು.

ಸಮಿತಿಯವರ ಜೊತೆ ಊಟಕ್ಕೆ ಕೂತಿದ್ದೆವು. ಸಾಹೇಬರ ಫೋನು ಆ ಬೇರೆ ಗಂಟೆ ಹೊಡೆಯಿತು. ಸಿರುಗುಪ್ಪ. ಹಿರಿಯರು ತುತ್ತು ಬಿಟ್ಟು ನೋಡಿದರು. ಸಾಹೇಬರು ಓದಿ, ಫೋನ್ ನನಗೆ ಕೊಟ್ಟರು. 'ಸಿರುಗುಪ್ಪ. ಹಂಪಮ್ಮನ ಮಂಚದ ಹಾಸಿಗೆ ಹರಿದು ಹತ್ತಿ ಹೊರಬಂದಿದೆ. ಕೆಲಸ ಮಾಡುತ್ತಿದೆಯೇ: ಇಲ್ಲ. ರೋಗಿ ಇದ್ದಾರೆಯೇ: ಹೌದು.'

ನಾನು ಕೂಡಲೇ ಫೋನ್ ಹಚ್ಚಿದೆ. "ಎರ್ರಿಸ್ವಾಮೀ, ಏನಪ್ಪಾ ಇದು, ಹಾಸಿಗಿಗೆ ತುರ್ತಾ?"

"ಅಕ್ಕಾ, ಎರಡು ವರ್ಷದಿಂದ ಹರಿದೈತ್ರಿ. ಅಜ್ಜಿ ಒಂದ್ಸಲನೂ ಅಂದಿದ್ದಿಲ್ಲ. ಈಗ ಸುದ್ದಿ ಕೇಳಿದ್ದೇ, 'ಬರಿಯಲೇ' ಅಂತ ಗಂಟು ಬಿದ್ದಾಳ. ನೀವು ಕೇಳಿದ ಎರಡಕ್ಕೂ ಖರೇನೇ ಒತ್ತೀನಿ."

ನಿಯಮ ತಿದ್ದಬೇಕು, ಹಾಸಿಗೆ ದಿಂಬುಗಳನ್ನು ಬೇರೆ ಸಾಲಿಗೆ ಹಾಕಬೇಕು ಎಂದು ನಾನು ಗೊಣಗಿದೆ. ಖಾದರ್ ಸಾಹೇಬರು ತಟ್ಟೆಯಲ್ಲಿ ಅರ್ಧ ಊಟ ಬಿಟ್ಟು ಆಗಲೇ ಕೈ ತೊಳೆಯುತ್ತಿದ್ದರು.

"ತಿದ್ದೋಣಂತ, ನಾಳೆ. ಮೊದಲು ಹಾಸಿಗಿ ಹಾಕಿಸಿ ಬರೋಣ, ನಡೀರಿ. ಮಂಚ ಎಲ್ಲೂ ಹೋಗಂಗಿಲ್ಲ ಅಂತ ಖಾತ್ರಿ ಆದ ಮ್ಯಾಲೆ ಕೇಳ್ಯಾಳ ಆಕಿ."